ದನ ಕಾಯುವವನ ತಡಿ: ಹೊಲಿದ ಕೈಗೂ ಒಂದು ಹೆಸರಿದೆ

“ಓದದಿದ್ರೆ ದನ ಕಾಯೋಕೆ ಹೋಗು.”

ಹಳ್ಳಿ ಶಾಲೆಯಲ್ಲಿ ಕಲಿತ ಯಾರಿಗೂ ಈ ಮಾತು ಹೊಸದಲ್ಲ. ನಮ್ಮ ಬಳಗದಲ್ಲಿ ಇದನ್ನು ಮೇಷ್ಟ್ರ ಬಾಯಿಂದ ಕೇಳದವರು ಒಬ್ಬರೂ ಇಲ್ಲ. ಬಯ್ಗುಳದ ಅರ್ಥ ಸ್ಪಷ್ಟ. ದನ ಕಾಯುವುದು ಕೆಲಸಗಳಲ್ಲೆಲ್ಲ ಕೊನೆಯದು, ಬುದ್ಧಿ ಇಲ್ಲದವರ ಪಾಲಿನದು.

ವಿಚಿತ್ರ ನೋಡಿ. ಸಿನಿಮಾ ಪರದೆಯ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮೆರೆದ ನಾಯಕನೊಬ್ಬ ದನ ಕಾಯುವವನೇ. ಕೌಬಾಯ್. ಕೌ ಅಂದರೆ ದನ, ಬಾಯ್ ಅಂದರೆ ಹುಡುಗ. ದನ ಕಾಯೋ ಹುಡುಗ, ಅಷ್ಟೇ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಕುದುರೆ, ಬಂದೂಕು, ಬೆನ್ನಟ್ಟುವ ದೃಶ್ಯಗಳ ಮೇಲೂ ಅಮೆರಿಕದ ಕೌಬಾಯ್ ಸಿನಿಮಾಗಳ ನೆರಳಿದೆ.

ಆದರೆ ಆ ಸಿನಿಮಾಗಳಲ್ಲಿ ದನ ಕಾಣುವುದು ಕಡಿಮೆ, ಬಂದೂಕು ಕಾಣುವುದು ಹೆಚ್ಚು. ಕೆಲಸ ಕಾಣುವುದಿಲ್ಲ, ಜಗಳ ಕಾಣುತ್ತದೆ. ಅದಕ್ಕೇ ಈ ಸಲ ನಾವು ಟೋಪಿ, ಬಂದೂಕು ಎರಡನ್ನೂ ಪಕ್ಕಕ್ಕಿಟ್ಟು, ಕುದುರೆಯ ಬೆನ್ನ ಮೇಲಿನ ತಡಿಯನ್ನು ನೋಡೋಣ ಅಂದುಕೊಂಡೆವು. ಕೆಲವು ಕಡೆ ಇದಕ್ಕೆ ಜೀನು ಅನ್ನುತ್ತಾರೆ. ಹಳೆಗನ್ನಡದ ಹೆಸರು ಹಲ್ಲಣ.

ನಮ್ಮ ಮಾತು ಇಷ್ಟೇ. ಕೌಬಾಯ್‌ನ ನಿಜವಾದ ಚರಿತ್ರೆ ಇರುವುದು ಅವನ ತಡಿಯಲ್ಲಿ. ಆ ತಡಿಯನ್ನು ಯಾರು ಕಂಡುಹಿಡಿದರು, ಯಾರು ಹೊಲಿದರು, ಯಾರು ಅದರ ಮೇಲೆ ಕೂತು ದುಡಿದರು ಎಂದು ಕೇಳಿದರೆ ಸಿನಿಮಾ ಮುಚ್ಚಿಟ್ಟ ಹೆಸರುಗಳು ಹೊರಬರುತ್ತವೆ. ಇದರಲ್ಲಿ ಹಳ್ಳಿಯ ಬಗ್ಗೆ ಬರೆಯುವ ನಮ್ಮಂಥವರಿಗೂ ಒಂದು ಪಾಠ ಇದೆ.

ಕುದುರೆ ಧಣಿಯದು, ತಡಿ ಆಳಿನದು

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಟೆಕ್ಸಾಸ್‌ನ ಬಯಲಲ್ಲಿ ಉದ್ದ ಕೊಂಬಿನ ದನಗಳು ಲಕ್ಷಗಟ್ಟಲೆ ಬೆಳೆದಿದ್ದವು. ಅಲ್ಲಿ ಅವನ್ನು ಕೇಳುವವರಿಲ್ಲ. ಉತ್ತರದ ನಗರಗಳಲ್ಲಿ ಮಾಂಸಕ್ಕೆ ಒಳ್ಳೆ ಬೆಲೆ. 1867ರಲ್ಲಿ ಕ್ಯಾನ್ಸಸ್ ರಾಜ್ಯದ ಅಬಿಲೀನ್ ಎಂಬ ಪುಟ್ಟ ಊರಿನಲ್ಲಿ, ರೈಲು ಹಳಿಯ ಪಕ್ಕದಲ್ಲೇ, ದನದ ಪೇಟೆ ತೆರೆಯಿತು. ಟೆಕ್ಸಾಸ್‌ನಿಂದ ಅಲ್ಲಿಯವರೆಗೆ ದನಗಳನ್ನು ನಡೆಸಿಕೊಂಡೇ ಹೋಗಬೇಕು. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ.

ಒಂದು ಮಂದೆಯಲ್ಲಿ ಎರಡು ಮೂರು ಸಾವಿರ ದನ. ಕಾಯಲು ಹತ್ತು ಹನ್ನೆರಡು ಜನ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ನಡಿಗೆ, ಎರಡು ಮೂರು ತಿಂಗಳ ಪಯಣ. ಒಬ್ಬನ ಕೆಲಸಕ್ಕೆ ಒಂದು ಕುದುರೆ ಸಾಲದು. ಹಾಗಾಗಿ ಮಂದೆಯ ಜೊತೆಗೇ ಬದಲಿ ಕುದುರೆಗಳ ಹಿಂಡೂ ಸಾಗುತ್ತಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ರಾತ್ರಿ ಕಾವಲಿಗೆ ಮತ್ತೊಂದು.

ಆ ಕುದುರೆಗಳು ಸಾಮಾನ್ಯವಾಗಿ ಧಣಿಯವು. ತಡಿ ಮಾತ್ರ ಕೆಲಸಗಾರನ ಸ್ವಂತದ್ದು. ಕುದುರೆ ಬದಲಾದಂತೆಲ್ಲ ಅದೇ ತಡಿಯನ್ನು ಬಿಚ್ಚಿ ಇನ್ನೊಂದರ ಬೆನ್ನಿಗೆ ಬಿಗಿಯುತ್ತಿದ್ದ. ಹಗಲು ಅದೇ ಪೀಠ, ರಾತ್ರಿ ಅದೇ ತಲೆದಿಂಬು. ತಿಂಗಳ ಸಂಬಳ ಸುಮಾರು 30ರಿಂದ 40 ಡಾಲರ್. ಒಳ್ಳೆಯ ತಡಿಯೊಂದಕ್ಕೆ ಒಂದು ತಿಂಗಳ ದುಡಿಮೆ ಪೂರ್ತಿ ಸುರಿಯಬೇಕಿತ್ತು, ಕೆಲವೊಮ್ಮೆ ಇನ್ನೂ ಹೆಚ್ಚು.

ಆ ಜನರ ಮಾತಿನಲ್ಲಿ ಒಂದು ನುಡಿಗಟ್ಟಿತ್ತು. “ಅವನು ತಡಿ ಮಾರಿಕೊಂಡನಂತೆ” ಅಂದರೆ ಅವನ ಕಥೆ ಮುಗಿಯಿತು, ಇನ್ನವನು ಈ ಕಸುಬಿನವನಲ್ಲ ಎಂದರ್ಥ. ನಮ್ಮಲ್ಲಿ ರೈತ ಎತ್ತು ಮಾರಿದ ಅಂದಾಗ ಊರಿನವರು ಒಂದು ಕ್ಷಣ ಸುಮ್ಮನಾಗುತ್ತಾರಲ್ಲ, ಹಾಗೆ.

ಇವರು ಸಿನಿಮಾದ ರಾಜಕುಮಾರರಲ್ಲ, ಕೂಲಿಯಾಳುಗಳು. 1883ರಲ್ಲಿ ಟೆಕ್ಸಾಸ್‌ನ ಉತ್ತರ ಭಾಗದ ಕೌಬಾಯ್‌ಗಳು ತಿಂಗಳಿಗೆ 50 ಡಾಲರ್ ಕೂಲಿ ಕೊಡಿ ಎಂದು ಮುಷ್ಕರವನ್ನೇ ಹೂಡಿದರು. ಆಳುಗಳು ತಮ್ಮದೇ ನಾಲ್ಕು ದನ ಕಟ್ಟಿಕೊಳ್ಳುವುದನ್ನು ದೊಡ್ಡ ಧಣಿಗಳು ತಡೆಯುತ್ತಿದ್ದುದೂ ಸಿಟ್ಟಿಗೆ ಕಾರಣವಾಗಿತ್ತು. ಕೆಲವೇ ತಿಂಗಳಲ್ಲಿ ಮುಷ್ಕರ ಮುರಿದು ಬಿತ್ತು. ದನ ಕಾಯುವವರು ಕೂಲಿಗಾಗಿ ಮುಷ್ಕರ ಕೂತ ಕಥೆಯನ್ನು ನೀವು ಎಷ್ಟು ಸಿನಿಮಾದಲ್ಲಿ ನೋಡಿದ್ದೀರಿ?

ಮೊದಲ ಕೌಬಾಯ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ

ಇನ್ನೂ ಹಿಂದಕ್ಕೆ ಹೋಗೋಣ. 1519ರಲ್ಲಿ ಸ್ಪೇನಿನ ಎರ್ನಾನ್ ಕೊರ್ತೆಸ್ ಮೆಕ್ಸಿಕೋದ ದಡಕ್ಕೆ ಬಂದಾಗ ಅವನ ಬಳಿ ಇದ್ದದ್ದು 16 ಕುದುರೆ. ಆ ನೆಲದಲ್ಲಿ ಆಗ ಕುದುರೆಯೇ ಇರಲಿಲ್ಲ, ದನವೂ ಇರಲಿಲ್ಲ. ಎರಡೂ ಹಡಗಿನಲ್ಲಿ ಬಂದವು. ಹುಲ್ಲು ಹೇರಳವಾಗಿತ್ತು, ದನಗಳು ಕೆಲವೇ ದಶಕಗಳಲ್ಲಿ ಎಣಿಕೆ ಮೀರಿ ಬೆಳೆದವು.

ಆಳುವವರು ಮೊದಮೊದಲು ಅಲ್ಲಿನ ಮೂಲನಿವಾಸಿಗಳು ಕುದುರೆ ಏರಬಾರದು ಎಂದು ಕಟ್ಟಳೆ ಮಾಡಿದ್ದರು. ಕುದುರೆ ಏರಿದವನು ಎತ್ತರದಿಂದ ನೋಡುತ್ತಾನೆ, ತಿರುಗಿಬೀಳುತ್ತಾನೆ ಎಂಬ ಭಯ. ಆದರೆ ದನ ಕಾಯುವುದು ಯಾರು? ಸ್ಪೇನಿನ ದೊಡ್ಡವರಿಗೆ ಆ ಕೆಲಸ ಕೀಳು. ಕೊನೆಗೆ ಕಟ್ಟಳೆಯನ್ನು ಸಡಿಲಿಸಿ, ಆ ಮೂಲನಿವಾಸಿಗಳನ್ನೇ, ಮಿಶ್ರ ಸಂತಾನದವರನ್ನೇ, ಆಫ್ರಿಕಾದಿಂದ ತಂದ ಗುಲಾಮರನ್ನೇ ಕುದುರೆ ಹತ್ತಿಸಬೇಕಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ವಾಕಾ ಅಂದರೆ ಹಸು. ಹಸು ಕಾಯುವವನು ವಾಕೇರೋ.

ಅಮೆರಿಕದವರು ವಾಕೇರೋಗಳಿಂದ ಕಸುಬು ಕಲಿತರು. ಆದರೆ ಗುರುವಿನ ಹೆಸರು ಹೇಳಲಿಲ್ಲ. ಪದಗಳು ಮಾತ್ರ ಸುಳ್ಳು ಹೇಳುವುದಿಲ್ಲ. ಕುಣಿಕೆ ಹಗ್ಗಕ್ಕೆ ಲ್ಯಾಸೋ ಅನ್ನುತ್ತಾರೆ, ಅದು ಸ್ಪ್ಯಾನಿಷ್‌ನ ಲಾಸೋ. ಲ್ಯಾರಿಯಟ್ ಅನ್ನುವುದು ಲಾ ರಿಯಾತಾ. ತಡಿ ಬಿಗಿಯುವ ಹೊಟ್ಟೆಪಟ್ಟಿಗೆ ಸಿಂಚ್ ಅನ್ನುತ್ತಾರೆ, ಅದು ಸಿಂಚಾ. ದನದ ದೊಡ್ಡಿ ಇರುವ ರ‍್ಯಾಂಚ್, ಆಟದ ರೋಡಿಯೋ, ಕಾಡು ಕುದುರೆ ಮಸ್ಟಾಂಗ್, ಎಲ್ಲವೂ ಅಲ್ಲಿಂದ ಬಂದವೇ. ಕೆಲವು ಪ್ರದೇಶಗಳಲ್ಲಿ ಕೌಬಾಯ್‌ಗೆ ಬಕರೂ ಎಂಬ ಹೆಸರಿದೆ. ವಾಕೇರೋ ಎಂಬುದೇ ಇಂಗ್ಲಿಷಿನವರ ನಾಲಿಗೆಯಲ್ಲಿ ಬಕರೂ ಆಯಿತು.

ಕಥೆ ಸ್ಪೇನಿಗೂ ನಿಲ್ಲುವುದಿಲ್ಲ. ಸ್ಪೇನಿನಲ್ಲಿ ಶತಮಾನಗಳ ಕಾಲ ಅರಬ್ಬರ ಮತ್ತು ಉತ್ತರ ಆಫ್ರಿಕಾದವರ ಆಳ್ವಿಕೆ ಇತ್ತು. ಅಲ್ಲಿನ ಕುದುರೆ ವಿದ್ಯೆಯಲ್ಲಿ ಅವರ ಪಾಲು ದೊಡ್ಡದು. ಕಡಿವಾಣವಿಲ್ಲದೆ ಮೂಗಿನ ಮೇಲಿನ ಪಟ್ಟಿಯಿಂದಲೇ ಕುದುರೆ ಪಳಗಿಸುವ ಸಾಧನಕ್ಕೆ ಅಮೆರಿಕದಲ್ಲಿ ಹ್ಯಾಕಮೋರ್ ಅನ್ನುತ್ತಾರೆ. ಅದು ಸ್ಪ್ಯಾನಿಷ್‌ನ ಹಾಕಿಮಾ, ಅದರ ಬೇರು ಅರಬ್ಬಿ. ಈಗ ನಮ್ಮ ಪದಗಳನ್ನು ನೋಡಿ. ಜೀನು, ಲಗಾಮು ಪಾರಸಿಯಿಂದ ಬಂದವು. ಸವಾರ ಕಾಲಿಡುವ ರಿಕಾಪು ಅರಬ್ಬಿಯ ರಿಕಾಬ್. ಅರಬ್ಬರ ಕುದುರೆ ವಿದ್ಯೆಯ ಒಂದು ಎಳೆ ಪಶ್ಚಿಮಕ್ಕೆ ಹೋಗಿ ಟೆಕ್ಸಾಸ್ ಸೇರಿತು. ಇನ್ನೊಂದು ಎಳೆ ಪೂರ್ವಕ್ಕೆ ಬಂದು ನಮ್ಮ ಮಾತಿನಲ್ಲಿ ಕೂತಿತು. ಯಾವ ಕಸುಬೂ ಒಂದೇ ಜನರ ಆಸ್ತಿಯಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತಡಿಗೆ ಕೊಂಬು ಯಾಕೆ ಬಂತು

ಕೌಬಾಯ್ ತಡಿಯನ್ನು ಬೇರೆ ತಡಿಗಳಿಂದ ಬೇರೆ ಮಾಡುವುದು ಮುಂಭಾಗದಲ್ಲಿ ಗೂಟದಂತೆ ಎದ್ದು ನಿಂತ ಕೊಂಬು. ಸಿನಿಮಾ ನೋಡಿದವರು ಅದನ್ನು ಕೈಯಲ್ಲಿ ಹಿಡಿದುಕೊಳ್ಳಲು ಇಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದು ಇರುವುದು ಹಗ್ಗಕ್ಕಾಗಿ.

ಮೆಕ್ಸಿಕೋದಲ್ಲಿ ಮೊದಲು ದನ ಹಿಡಿಯುವ ಕ್ರಮ ಕ್ರೂರವಾಗಿತ್ತು. ಉದ್ದ ಕೋಲಿನ ತುದಿಗೆ ಅರ್ಧಚಂದ್ರದಂಥ ಅಲಗು ಕಟ್ಟಿ, ಓಡುವ ದನದ ಹಿಂಗಾಲಿನ ನರ ಕತ್ತರಿಸಿ ಬೀಳಿಸುತ್ತಿದ್ದರು. ತೊಗಲು, ಕೊಬ್ಬಿಗಾಗಿ ಕೊಲ್ಲುವಾಗ ಅದು ನಡೆಯುತ್ತಿತ್ತು. ದನವನ್ನು ಜೀವಂತ ಹಿಡಿಯಬೇಕು, ಗುರುತು ಹಾಕಬೇಕು, ಮದ್ದು ಹಚ್ಚಬೇಕು ಅಂದಾಗ ಹಗ್ಗದ ಕುಣಿಕೆ ಬೇಕಾಯಿತು. ಕುಣಿಕೆ ಬಿತ್ತು ಸರಿ, ಹಗ್ಗದ ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟುವುದು? ಮುನ್ನೂರು ನಾನೂರು ಕಿಲೋ ತೂಗುವ ದನ ಎಳೆದರೆ ಮನುಷ್ಯನ ಕೈ ನಿಲ್ಲುವುದಿಲ್ಲ. ಆ ಭಾರ ಕುದುರೆಯ ಮೈಗೆ ಹೋಗಬೇಕು. ಅದಕ್ಕೆ ತಡಿಯ ಮುಂದೆ ಗಟ್ಟಿ ಕೊಂಬು ಬೆಳೆಯಿತು.

ಇಲ್ಲಿಂದ ಎರಡು ಪಂಥ ಹುಟ್ಟಿತು. ಕ್ಯಾಲಿಫೋರ್ನಿಯಾದ ಬಯಲಿನವರು ಹಸಿ ತೊಗಲಿನ ಎಳೆಗಳನ್ನು ಹೆಣೆದು ಅರವತ್ತು ಅಡಿ ಮತ್ತು ಅದಕ್ಕೂ ಉದ್ದದ ಹಗ್ಗ ಮಾಡಿದರು. ಅದು ಗಕ್ಕನೆ ಎಳೆದರೆ ತುಂಡಾಗುತ್ತದೆ. ಅದಕ್ಕೇ ಹಗ್ಗವನ್ನು ಕೊಂಬಿಗೆ ಗಂಟು ಹಾಕದೆ ಎರಡು ಸುತ್ತು ಸುತ್ತಿ, ಬೇಕಾದಷ್ಟು ಜಾರಲು ಬಿಟ್ಟು ನಿಧಾನಕ್ಕೆ ಬಿಗಿ ಹಿಡಿಯುತ್ತಿದ್ದರು. ಸುತ್ತು ಹಾಕು ಅನ್ನುವ ಸ್ಪ್ಯಾನಿಷ್ ಮಾತು ದಾಲೆ ವುಎಲ್ತಾ. ಇಂಗ್ಲಿಷಿನಲ್ಲಿ ಅದು ಡ್ಯಾಲಿ ಆಯಿತು. ಸುತ್ತುವಾಗ ಗಮನ ತಪ್ಪಿದರೆ ಹೆಬ್ಬೆರಳು ಹಗ್ಗ ಮತ್ತು ಕೊಂಬಿನ ನಡುವೆ ಸಿಕ್ಕಿ ಹೋಗುತ್ತದೆ. ಹೆಬ್ಬೆರಳು ಕಳೆದುಕೊಂಡ ಹಗ್ಗಗಾರರು ಇವತ್ತಿಗೂ ಇದ್ದಾರೆ.

ಟೆಕ್ಸಾಸ್‌ನದು ಮುಳ್ಳುಪೊದೆಯ ನಾಡು. ಅಲ್ಲಿ ಉದ್ದ ಹಗ್ಗ ಬೀಸಲು ಜಾಗವಿಲ್ಲ. ನಾರಿನ ಗಿಡ್ಡ ಹಗ್ಗ, ಅದರ ತುದಿಯನ್ನು ಕೊಂಬಿಗೆ ಬಿಗಿಯಾಗಿ ಕಟ್ಟಿಯೇ ಇಡುತ್ತಿದ್ದರು. ದನ ಎಳೆದ ಕೂಡಲೇ ಪೂರ್ತಿ ಹೊಡೆತ ತಡಿಗೆ. ಒಂದೇ ಹೊಟ್ಟೆಪಟ್ಟಿ ಇದ್ದರೆ ತಡಿಯ ಹಿಂಭಾಗ ಮೇಲೇಳುತ್ತದೆ. ಅದಕ್ಕೇ ಟೆಕ್ಸಾಸ್ ತಡಿಗೆ ಹಿಂದೆ ಮುಂದೆ ಎರಡು ಪಟ್ಟಿ, ಕ್ಯಾಲಿಫೋರ್ನಿಯಾ ತಡಿಗೆ ನಡುವೆ ಒಂದೇ ಪಟ್ಟಿ. ದೂರದಿಂದ ತಡಿ ನೋಡಿಯೇ ಇವನು ಯಾವ ಸೀಮೆಯವನು ಎಂದು ಹೇಳಬಹುದಿತ್ತು. ನಮ್ಮಲ್ಲಿ ನೊಗ, ಗಾಡಿ ನೋಡಿ ಇದು ಯಾವ ಕಡೆಯದು ಎಂದು ಹಿರಿಯರು ಹೇಳುತ್ತಿದ್ದರಲ್ಲ, ಹಾಗೆಯೇ. ನೆಲ ಬದಲಾದರೆ ಹಗ್ಗ, ಹಗ್ಗ ಬದಲಾದರೆ ತಡಿ. ಇದನ್ನೆಲ್ಲ ಯಾವ ಎಂಜಿನಿಯರೂ ಕೂತು ಬರೆದುಕೊಡಲಿಲ್ಲ. ದುಡಿಯುವವರೇ ತಪ್ಪುತ್ತಾ ತಿದ್ದುತ್ತಾ ಕಂಡುಕೊಂಡರು.

ಬಳ್ಳಾರಿ ಜಾಲಿಯ ದಾಯಾದಿ

ಕೌಬಾಯ್ ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಚರ್ಮದ ಕಾಲುಹೊದಿಕೆಗೆ ಚಾಪ್ಸ್ ಅನ್ನುತ್ತಾರೆ. ಸ್ಟೈಲ್‌ಗೆ ಅಲ್ಲ. ಟೆಕ್ಸಾಸ್‌ನ ಪೊದೆಗಳಲ್ಲಿ ತುಂಬಿರುವುದು ಮೆಸ್ಕೀಟ್ ಎಂಬ ಮುಳ್ಳುಮರ. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಎರಡೂ ಒಂದೇ ಕುಲದವು. ಬಳ್ಳಾರಿ ಜಾಲಿಯ ಮುಳ್ಳು ಕಾಲಿಗೆ ಹೊಕ್ಕವರಿಗೆ ಆ ಚರ್ಮದ ಹೊದಿಕೆಯ ಬೆಲೆ ವಿವರಿಸಬೇಕಿಲ್ಲ. ರಿಕಾಪಿನ ಮುಂದೆ ಚರ್ಮದ ಮುಸುಕು ಇರುತ್ತದೆ, ಪಾದಕ್ಕೆ ಮುಳ್ಳು ತಾಗದಂತೆ. ಬೂಟಿನ ಹಿಮ್ಮಡಿ ಎತ್ತರ, ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಂತೆ. ಸವಾರ ಬಿದ್ದು ಕಾಲು ಸಿಕ್ಕಿಕೊಂಡರೆ ಕುದುರೆ ಅವನನ್ನು ಎಳೆದುಕೊಂಡೇ ಓಡುತ್ತದೆ.

ಆ ನಾಡಿಗೆ ನಮ್ಮ ಇನ್ನೊಂದು ನಂಟೂ ಇದೆ. ಅಲ್ಲಿ ಬ್ರಾಹ್ಮನ್ ಎಂಬ ದನದ ತಳಿ ಇದೆ. ಬೆನ್ನ ಮೇಲೆ ಹಿಣಿಲು, ಕೊರಳಲ್ಲಿ ಜೋಲುವ ಗಂಗೆದೊಗಲು. ಬಿಸಿಲು, ಉಣ್ಣೆ ತಡೆಯಬಲ್ಲ ದನ ಬೇಕೆಂದು ಭಾರತದ ತಳಿಗಳಿಂದ ಬೆಳೆಸಿದ್ದು. ಓಂಗೋಲ್, ಗೀರ್, ಕಾಂಕ್ರೇಜ್ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯೂ ಅದರ ಮೂಲದಲ್ಲಿದೆ. 1924ರಲ್ಲಿ ಆ ತಳಿಗೆ ಅಲ್ಲೊಂದು ಸಂಘವೂ ಹುಟ್ಟಿತು. ವಿಜಯಪುರ, ಬಾಗಲಕೋಟೆಯ ಕಡೆಯ ಎತ್ತಿನ ವಂಶದವು ಕೌಬಾಯ್ ನಾಡಿನಲ್ಲಿ ಮೇಯುತ್ತಿವೆ.

ಮರ, ತೊಗಲು, ತಾಳ್ಮೆ

ಇನ್ನು ತಡಿ ಮಾಡುವ ಕೆಲಸ. ಮೊದಲು ಒಳಗೆ ಮರದ ಚೌಕಟ್ಟು. ಕುದುರೆಯ ಬೆನ್ನುಮೂಳೆಯ ಎರಡೂ ಪಕ್ಕ ಕೂರುವಂತೆ ಎರಡು ಹಲಗೆ, ಮುಂದೆ ಕಮಾನು ಮತ್ತು ಕೊಂಬು, ಹಿಂದೆ ಸವಾರ ಜಾರದಂತೆ ದಿಂಡು. ಬೆನ್ನುಮೂಳೆಯ ಮೇಲೆ ಏನೂ ತಾಗಬಾರದು. ಸವಾರನ ಭಾರ ಎರಡೂ ಬದಿಯ ಮಾಂಸದ ಮೇಲೆ ಸಮವಾಗಿ ಹರಡಬೇಕು. ಹಲಗೆಯ ಬಾಗು ಒಂದಿಷ್ಟು ತಪ್ಪಿದರೂ ಒಂದೇ ಕಡೆ ಒತ್ತಿ, ಕುದುರೆಯ ಬೆನ್ನು ಹುಣ್ಣಾಗುತ್ತದೆ. ನೊಗ ಸರಿಯಿಲ್ಲದೆ ಎತ್ತಿನ ಹೆಗಲು ಬಾತದ್ದನ್ನು ಕಂಡ ರೈತನಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಪ್ರಾಣಿಗೆ ನೋವಾದರೆ ಕೆಲಸ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ತಡಿ ಅಂದರೆ ಮೊದಲು ಕುದುರೆಗೆ ಒಳ್ಳೆಯದು, ಆಮೇಲೆ ಸವಾರನಿಗೆ.

ಮರ ಒಂದೇ ಇದ್ದರೆ ದನದ ಎಳೆತಕ್ಕೆ ಸೀಳಿ ಹೋಗುತ್ತದೆ. ಅದಕ್ಕೆ ಹದ ಮಾಡದ ಹಸಿ ತೊಗಲನ್ನು ನೆನೆಸಿ, ಒದ್ದೆಯಾಗಿರುವಾಗಲೇ ಮರದ ಮೇಲೆ ಎಳೆದು ಹೊದಿಸಿ, ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಆಮೇಲೆ ನೆರಳಲ್ಲಿ ನಿಧಾನವಾಗಿ ಒಣಗಬೇಕು. ಒಣಗುತ್ತಾ ತೊಗಲು ಕುಗ್ಗಿ ಮರವನ್ನು ಉಕ್ಕಿನ ಹಿಡಿತದಲ್ಲಿ ಹಿಡಿದುಕೊಳ್ಳುತ್ತದೆ. ಹಲಗೆ, ಡೋಲು ಕಟ್ಟುವವರಿಗೆ ಈ ಗುಟ್ಟು ಹೊಸದಲ್ಲ. ಅವಸರ ಮಾಡಿ ಬಿಸಿಲಿಗಿಟ್ಟರೆ ತೊಗಲು ಸೊಟ್ಟಗೆ ಎಳೆದು ಚೌಕಟ್ಟನ್ನೇ ತಿರುಚುತ್ತದೆ.

ಅದರ ಮೇಲೆ ಹದ ಮಾಡಿದ ದಪ್ಪ ಚರ್ಮ. ಅಮೆರಿಕದಲ್ಲಿ ಹಿಂದೆ ಓಕ್ ಮರದ ತೊಗಟೆಯ ರಸದಲ್ಲಿ ತಿಂಗಳುಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಅದೇ ಕೆಲಸಕ್ಕೆ ನಮ್ಮಲ್ಲಿ ತಂಗಡಿ ಗಿಡದ ಚಕ್ಕೆ ಇತ್ತು. ಹೀಗೆ ಹದವಾದ ಚರ್ಮ ಒದ್ದೆ ಮಾಡಿದರೆ ಹೇಳಿದ ಹಾಗೆ ಬಾಗುತ್ತದೆ, ಒಣಗಿದರೆ ಬಾಗಿದ ಹಾಗೇ ನಿಲ್ಲುತ್ತದೆ. ಕತ್ತರಿಸಲು ಅರ್ಧಚಂದ್ರದಂತೆ ಬಾಗಿದ ಅಲಗು, ನಮ್ಮ ಚರ್ಮ ಕೆಲಸಗಾರರ ರಂಪಿಗೆಯ ಜಾತಿಯದು. ಹೊಲಿಗೆಗೆ ಮೇಣ ಹಚ್ಚಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಉಳಿಯಿಂದ ಮಾಡಿದ ಒಂದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರಾಗಿ ಹಾದುಹೋಗುತ್ತವೆ. ಒಂದು ಎಳೆ ಸವೆದು ಕಿತ್ತರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲೊಂದು ಕೆಳಗೊಂದು ದಾರ. ಒಂದು ಕಡೆ ಕಿತ್ತರೆ ಸಾಲು ಬಿಚ್ಚಿಕೊಳ್ಳುವ ಭಯ. ಕೆಳಭಾಗಕ್ಕೆ ಉಣ್ಣೆ ಸಹಿತವಾದ ಕುರಿ ತೊಗಲು, ಕುದುರೆಯ ಬೆನ್ನಿಗೆ ಮೆತ್ತಗಿರಲೆಂದು.

ಕೊನೆಗೆ ಕೆತ್ತನೆ. ಚರ್ಮವನ್ನು ಹದವಾಗಿ ತೇವ ಮಾಡಿ, ತಿರುಗುವ ಪುಟ್ಟ ಚಾಕುವಿನಿಂದ ಹೂಬಳ್ಳಿಯ ಗೆರೆ ಎಳೆದು, ಅಚ್ಚುಗಳಿಂದ ತಟ್ಟಿ ಉಬ್ಬು ತಗ್ಗು ಮೂಡಿಸುತ್ತಾರೆ. ಇದೂ ಮೆಕ್ಸಿಕೋ, ಸ್ಪೇನ್ ದಾರಿಯಲ್ಲಿ ಬಂದ ಕಲೆ. ಮೆಕ್ಸಿಕೋದ ಕೊಲೊತ್ಲಾನ್ ಎಂಬ ಊರಿನವರು ಅನಾನಸ್ ಜಾತಿಯ ಗಿಡದ ನಾರಿನಿಂದ ಚರ್ಮದ ಮೇಲೆ ಕಸೂತಿ ಹಾಕುತ್ತಾರೆ. ವಯೋಮಿಂಗ್ ರಾಜ್ಯದ ಶೆರಿಡನ್ ಎಂಬ ಊರಿನಲ್ಲಿ ಡಾನ್ ಕಿಂಗ್ ಎಂಬ ಕುಶಲಕರ್ಮಿ ಪುಟ್ಟ ಕಾಡುಗುಲಾಬಿಗಳ ಒತ್ತೊತ್ತಾದ ಬಳ್ಳಿಯನ್ನು ಕೆತ್ತಿ, ಆ ಊರಿನ ಹೆಸರಿನಲ್ಲೇ ಒಂದು ಶೈಲಿ ನಿಲ್ಲುವಂತೆ ಮಾಡಿದರು. 1991ರಲ್ಲಿ ಅಮೆರಿಕ ಸರ್ಕಾರ ಜನಪದ ಕಲೆಗೆ ಕೊಡುವ ದೊಡ್ಡ ಗೌರವ ಅವರಿಗೆ ಸಿಕ್ಕಿತು. ಅದಕ್ಕೂ ಮೊದಲು, 1986ರಲ್ಲಿ, ಹಸಿ ತೊಗಲಿನ ಹಗ್ಗ ಹೆಣೆಯುವ ಕ್ಯಾಲಿಫೋರ್ನಿಯಾದ ಲೂಯಿಸ್ ಒರ್ತೆಗಾ ಅವರಿಗೂ ಅದೇ ಗೌರವ ಬಂದಿತ್ತು. ಹಗ್ಗ ಹೆಣೆಯುವವನಿಗೆ ರಾಷ್ಟ್ರ ಗೌರವ! ನಮ್ಮಲ್ಲಿ ಮಿಣಿ ಹೊಸೆದವನಿಗೆ ಏನು ಸಿಕ್ಕಿತು ಎಂದು ಕೇಳಿಕೊಂಡರೆ ಗಂಟಲು ಕಟ್ಟುತ್ತದೆ.

ಮುದ್ರೆಯ ಬೆಲೆ

ಹಳೆಯ ತಡಿಗಳನ್ನು ಕೊಳ್ಳುವವರು ಇವತ್ತು ಮೊದಲು ಹುಡುಕುವುದು ಚರ್ಮದ ಮೇಲೆ ಒತ್ತಿದ ಮುದ್ರೆಯನ್ನು. ತಡಿ ಮಾಡಿದವನ ಹೆಸರು, ಅವನ ಊರು. ಷೈಯೆನ್ ಊರಿನ ಮೀನಿಯಾ, ಪುಎಬ್ಲೋ ಊರಿನ ಫ್ರೇಜಿಯರ್, ಮೈಲ್ಸ್ ಸಿಟಿಯ ಫರ್ಸ್ಟ್‌ನೋ. ಇವರೆಲ್ಲ ಸಣ್ಣ ಪಟ್ಟಣಗಳ ಚರ್ಮದ ಅಂಗಡಿಯವರು. ಚಿತ್ರ ಸಹಿತ ಪಟ್ಟಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ದೂರದ ದೊಡ್ಡಿಯಲ್ಲಿ ಕೂತ ಕೌಬಾಯ್ ತನಗೆ ಬೇಕಾದ ತಡಿಯನ್ನು ಆರಿಸಿ ತರಿಸಿಕೊಳ್ಳುತ್ತಿದ್ದ. ಮುದ್ರೆ ಒಂದು ಮಾತಿನ ಹಾಗೆ: ತಡಿ ಕಿತ್ತುಹೋದರೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು, ಬಾಳಿಕೆ ಬಂದರೆ ಯಾರನ್ನು ಹೊಗಳಬೇಕೆಂದೂ ಗೊತ್ತಿತ್ತು.

ದನ ಹೊಡೆದುಕೊಂಡು ಹೋಗುವ ಕಾಲ ಇಪ್ಪತ್ತು ವರ್ಷವೂ ಸರಿಯಾಗಿ ನಿಲ್ಲಲಿಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆಲ್ಲ ಬೇಲಿ ಬಿತ್ತು. ರೈಲು ಎಲ್ಲ ಕಡೆ ಬಂತು. 1886-87ರ ಭೀಕರ ಚಳಿಗಾಲದಲ್ಲಿ ಉತ್ತರದ ಬಯಲಿನ ದನಗಳು ರಾಶಿರಾಶಿಯಾಗಿ ಸತ್ತವು. ಆ ಬದುಕು ಮುಗಿಯಿತು. ತಡಿ ಮಾಡುವ ಕೈಗಳು ಮಾತ್ರ ಉಳಿದವು. ಇವತ್ತಿಗೂ ಅಲ್ಲಿ ಕೈಯಲ್ಲಿ ಮಾಡಿದ ಒಳ್ಳೆಯ ತಡಿಗೆ ಹಲವು ಸಾವಿರ ಡಾಲರ್ ಬೆಲೆ. ದುಡ್ಡಿದ್ದರೂ ತಿಂಗಳುಗಟ್ಟಲೆ ಕಾಯಬೇಕು. ಹೆಸರಿದ್ದ ಕಡೆ ಕಸುಬು ಉಳಿಯಿತು ಅನ್ನುವುದು ನಮ್ಮ ಅನಿಸಿಕೆ. ಮಗ ಅಪ್ಪನ ಅಂಗಡಿಯಲ್ಲಿ ಕೂರಲು ನಾಚಲಿಲ್ಲ. ಬೋರ್ಡಿನ ಮೇಲೆ ಅಪ್ಪನ ಹೆಸರಿತ್ತು.

ಬರೆಯದೆ ಬಿಟ್ಟ ಹೆಸರುಗಳು

ಹಾಗಂತ ಅಮೆರಿಕದವರು ಎಲ್ಲರಿಗೂ ನ್ಯಾಯ ಮಾಡಿದರು ಎಂದಲ್ಲ. ದನ ಮೇದ ಆ ಬಯಲು ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅವರು ನಂಬಿ ಬದುಕಿದ್ದ ಕಾಡುಕೋಣದಂಥ ಬೈಸನ್ ಪ್ರಾಣಿಗಳನ್ನು ಕೊಂದು ಮುಗಿಸಿದ ಮೇಲೆಯೇ ಅಲ್ಲಿ ದನಗಳಿಗೆ ಜಾಗವಾಯಿತು. ಇನ್ನು ಕೌಬಾಯ್‌ಗಳಲ್ಲಿ ನಾಲ್ವರಿಗೆ ಒಬ್ಬರು ಕಪ್ಪು ಜನ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಅಂದಾಜು. ಅದರ ಮೇಲೆ ಮೆಕ್ಸಿಕನ್ನರು, ಮೂಲನಿವಾಸಿಗಳು. 1883ರಲ್ಲಿ ಶುರುವಾದ ಬಫಲೋ ಬಿಲ್‌ನ ಸರ್ಕಸ್‌ನಂಥ ಪ್ರದರ್ಶನ, ಅಗ್ಗದ ಕಾದಂಬರಿ, 1903ರಿಂದಾಚೆಗಿನ ಸಿನಿಮಾ, ಇವೆಲ್ಲ ಸೇರಿ ಕೌಬಾಯ್ ಅಂದರೆ ಬಿಳಿಯನೇ ಎಂದು ಜಗತ್ತನ್ನು ನಂಬಿಸಿದವು.

ಬಿಲ್ ಪಿಕೆಟ್ ಎಂಬ ಟೆಕ್ಸಾಸ್‌ನ ಕಪ್ಪು ಕೌಬಾಯ್ ಓಡುವ ಕುದುರೆಯಿಂದ ಹೋರಿಯ ಮೇಲೆ ಹಾರಿ, ಕೊಂಬು ಹಿಡಿದು ನೆಲಕ್ಕೆ ಕೆಡವುವ ಆಟಕ್ಕೆ ಹೆಸರಾದವರು. ಇವತ್ತಿನ ರೋಡಿಯೋದಲ್ಲಿ ಅದೊಂದು ಮುಖ್ಯ ಸ್ಪರ್ಧೆ. ಬಿಳಿಯರ ಎಷ್ಟೋ ಸ್ಪರ್ಧೆಗಳಲ್ಲಿ ಅವರಿಗೆ ಪ್ರವೇಶವೇ ಇರಲಿಲ್ಲ. ಅವರು ತೀರಿಕೊಂಡದ್ದು 1932ರಲ್ಲಿ. ಗೌರವ ಬಂದದ್ದು 1971ರಲ್ಲಿ. 1994ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಲು ಹೊರಟರು. ಅಚ್ಚಾದ ಮೇಲೆ ಗೊತ್ತಾಯಿತು, ಚೀಟಿಯ ಮೇಲಿದ್ದದ್ದು ಅವರ ಮುಖವಲ್ಲ, ಅವರ ತಮ್ಮ ಬೆನ್ ಪಿಕೆಟ್ ಅವರದು! ವಾಪಸ್ ತರಿಸಿ ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಬದುಕಿದ್ದಾಗ ಬರೆದಿಡದಿದ್ದರೆ ಸತ್ತ ಮೇಲೆ ಮುಖವನ್ನೂ ಗುರುತು ಹಿಡಿಯಲಾಗುವುದಿಲ್ಲ. ಅಂಚೆಚೀಟಿಯ ಈ ಕಥೆಯನ್ನು ನಮ್ಮಂಥ ವರದಿಗಾರರು ಗೋಡೆಗೆ ಅಂಟಿಸಿಕೊಳ್ಳಬೇಕು.

ನಮ್ಮದೇ ತಪ್ಪು

ಈಗ ನಮ್ಮ ತಪ್ಪೊಪ್ಪಿಗೆ. ಹಿಂದೊಮ್ಮೆ ಕಾರಹುಣ್ಣಿಮೆಯ ಹೊತ್ತಿಗೆ ನಾವು ಒಂದು ಊರಿನ ಎತ್ತಿನ ಮೆರವಣಿಗೆ ಬಗ್ಗೆ ಬರೆದಿದ್ದೆವು. ಎತ್ತಿನ ಮಾಲೀಕರ ಹೆಸರು ಬರೆದೆವು, ಜೋಡಿಯ ಬೆಲೆ ಬರೆದೆವು, ಬಾವುಟ ತೋರಿಸಿದ ಗಣ್ಯರ ಹೆಸರನ್ನಂತೂ ಮೊದಲ ಸಾಲಿನಲ್ಲೇ ಬರೆದೆವು. ಎತ್ತಿನ ಕೊರಳ ಗೆಜ್ಜೆಪಟ್ಟಿಯನ್ನು ಹತ್ತಿರದಿಂದ ಫೋಟೋ ತೆಗೆದು “ಎಷ್ಟು ಚೆಂದ” ಎಂದೂ ಹಾಕಿದೆವು. ಎರಡು ದಿನ ಬಿಟ್ಟು ಆ ಊರಿನ ಹುಡುಗನೊಬ್ಬ ಫೋನ್ ಮಾಡಿದ. “ಅಣ್ಣಾ, ಆ ಪಟ್ಟಿ ಹೊಲಿದದ್ದು ನಮ್ಮಜ್ಜ. ಫೋಟೋ ನೋಡಿ ಖುಷಿಪಟ್ಟ. ತನ್ನ ಹೆಸರು ಎಲ್ಲಿದೆ ಓದು ಅಂದ. ಏನು ಓದಲಿ?” ನಮ್ಮ ಬಳಿ ಉತ್ತರ ಇರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಚರ್ಮದ ಕೆಲಸವಿಲ್ಲದೆ ಒಕ್ಕಲುತನವೇ ಇರಲಿಲ್ಲ. ಕಪಿಲೆ ಬಾವಿಯ ಬಾನಿ, ನೊಗದ ಮಿಣಿ, ಬಾರುಕೋಲಿನ ಬಾರು, ಕಾಲಿನ ಮೆಟ್ಟು, ಎಲ್ಲವೂ ಆ ಕೈಗಳವು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆದು ಕೊಟ್ಟು ಋಣ ತೀರಿತು ಅಂದುಕೊಂಡೆವು. ಅವರು ಹೊಲಿದದ್ದನ್ನು ಮನೆಯೊಳಗೆ ತಂದೆವು, ಹೊಲಿದವರನ್ನು ಊರ ಹೊರಗಿಟ್ಟೆವು. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಹರಳಯ್ಯ ಎಂದು ಕಸುಬಿನವರನ್ನು ಹೆಸರಿಟ್ಟು ಕರೆದು ಎದ್ದು ನಿಂತ ನಾಡು ಇದು. ಆಮೇಲೆ ಎಷ್ಟು ಹೆಸರು ಬರೆದಿಟ್ಟೆವು?

ಭಾರತದಲ್ಲೂ ತಡಿ ಮಾಡುತ್ತಾರೆ. 1860ರ ದಶಕದಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಕಾನ್ಪುರದಲ್ಲಿ ತಡಿ ಕಾರ್ಖಾನೆ ತೆರೆದರು. ಇವತ್ತು ಕಾನ್ಪುರದ ತಡಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಅಲ್ಲಿಂದ ಕೌಬಾಯ್ ಮಾದರಿಯ ತಡಿಗಳೂ ವಿದೇಶಕ್ಕೆ ಹೋಗುತ್ತವೆ. ಊರಿಗೆ ಗುರುತು ಸಿಕ್ಕಿದ್ದು ಒಳ್ಳೆಯದೇ. ಆದರೆ ಕಾರ್ಖಾನೆಯ ತಡಿಯ ಮೇಲೆ ಇರುವುದು ಕಂಪನಿಯ ಗುರುತು. ಸೂಜಿ ಹಿಡಿದವನ ಹೆಸರಲ್ಲ.

“ಹೆಸರು ಬರೆದರೆ ಹೊಟ್ಟೆ ತುಂಬುತ್ತದಾ?” ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬರೀ ಹೆಸರಿನಿಂದ ತುಂಬುವುದಿಲ್ಲ, ಕೂಲಿ ಬೇಕು, ಮಾರುಕಟ್ಟೆ ಬೇಕು. ಆ ಕಸುಬನ್ನು ಜಾತಿಯ ಕಾರಣಕ್ಕೆ ಹೇರಿಸಿಕೊಂಡವರ ಮಕ್ಕಳು ಬೇರೆ ಕೆಲಸಕ್ಕೆ ಹೋದರೆ ಅದು ಅವರ ಹಕ್ಕು. ಕಸುಬು ಉಳಿಸಿ ಎಂದು ಅವರಿಗೆ ಉಪದೇಶ ಮಾಡಲು ನಾವ್ಯಾರು? ಆದರೆ ಇಷ್ಟು ಕಾಲ ದುಡಿದವರ ಹೆಸರು ಬರೆಯುವುದು ದಾನವಲ್ಲ, ಬಾಕಿ. ಬೆಲೆ ಕೇಳಲು ಮೊದಲು ಹೆಸರಿರಬೇಕು. ಇಂಥವರು ಮಾಡಿದ್ದು ಎಂದು ಗೊತ್ತಿಲ್ಲದ ವಸ್ತುವಿಗೆ ಅಗ್ಗದ ಬೆಲೆಯೇ ಗತಿ.

ಅದಕ್ಕೆ ನಾವು ನಮಗೇ ಒಂದು ನಿಯಮ ಹಾಕಿಕೊಂಡಿದ್ದೇವೆ. ಇನ್ನು ಮುಂದೆ ನಮ್ಮ ಯಾವ ಬರಹದಲ್ಲೂ ಒಂದು ವಸ್ತುವಿನ ಫೋಟೋ ಹಾಕಿದರೆ, ಅದನ್ನು ಮಾಡಿದವರನ್ನು ಹುಡುಕಿ, ಅವರು ಒಪ್ಪಿದರೆ ಹೆಸರನ್ನು ಕೆಳಗೆ ಬರೆಯುತ್ತೇವೆ. ಗಣ್ಯರ ಹೆಸರು ಬಿಟ್ಟುಹೋದರೂ ಪರವಾಗಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಇವತ್ತು ಸಂಜೆ ಒಮ್ಮೆ ಮನೆಯ ಅಟ್ಟ ಹತ್ತಿ ನೋಡಿ. ಹಳೆಯ ಮಿಣಿಯೋ, ಬಾರುಕೋಲೋ, ಗೆಜ್ಜೆಪಟ್ಟಿಯೋ ಸಿಕ್ಕೀತು. ಮನೆಯ ಹಿರಿಯರನ್ನು ಕೇಳಿ, ಇದನ್ನು ಮಾಡಿಕೊಟ್ಟವರು ಯಾರು ಎಂದು. “ಯಾರೋ ಕೇರಿಯವರು” ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಕೇರಿಗೇ ಹೋಗಿ ಕೇಳಿ. ಹೆಸರು ಸಿಕ್ಕೇ ಸಿಗುತ್ತದೆ.

ಆ ಅಜ್ಜನ ಊರಿಗೆ ನಾವು ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ. ಈ ಸಲ ಎತ್ತು ನೋಡಲು ಅಲ್ಲ.